ಜತ್ರಾದ ಮೈಕಿನ ಕಾಕಾ

ನವರಾತ್ರಿಗೆ ಎರಡು ದಿನವಿದೆ ಎನ್ನುವಾಗ ಹಳೆಯ ಕೂಲರ್ ಕೊಡಲು, ನಾವೀಗ ಇರುವ ಚಿಕಲಠಾಣಾದ ಗುಜರಿ ಅಂಗಡಿಗೆ ಹೋಗಿದ್ದೆ. ತಕ್ಕಡಿಯ ಪಕ್ಕದಲ್ಲಿ ಒಂದು ಲೌಡ್‌ಸ್ಪೀಕರ್ ಬಿದ್ದಿತ್ತು. ಅದರ ತಗಡಿನ ಬಾಯಿ ಒಂದು ಕಡೆ ನೆಗ್ಗಿ ಒಳಗೆಲ್ಲ ತುಕ್ಕು ಹಿಡಿದಿತ್ತು. ಎಷ್ಟು ಹೊತ್ತು ನೋಡುತ್ತ ನಿಂತಿದ್ದೆನೋ... ಬೇಕೇನು ಎಂದು ಅಂಗಡಿಯವನು ಮರಾಠಿಯಲ್ಲಿ ಕೇಳಿದಾಗಲೇ ಎಚ್ಚರವಾದದ್ದು.

ಮದುವೆಯಾಗಿ ವಿಜಯಪುರದಿಂದ ನಾಸಿಕಕ್ಕೆ ಬಂದಾಗ ನನಗೆ ಇಪ್ಪತ್ತೆರಡು. ಗಂಡನಿಗೆ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸ. ನಮ್ಮ ಬಾಡಿಗೆ ಮನೆಯ ಎದುರು ಬಾಗಿಲಿನವರು ಗದಗ ಕಡೆಯ ದಂಪತಿ. ಬ್ಯಾಂಕಿನ ವರ್ಗಾವಣೆಯಲ್ಲಿ ಬಂದವರು ನಿವೃತ್ತಿಯ ನಂತರವೂ ಅಲ್ಲೇ ಉಳಿದಿದ್ದರು. ಮಕ್ಕಳಿರಲಿಲ್ಲ. ಬೀದಿಯವರೆಲ್ಲ ಕರೆದಂತೆ ನಾನೂ ಅವರನ್ನು ಕಾಕಾ, ಕಾಕು ಎಂದೇ ಕರೆದೆ. ಒಂದಕ್ಷರ ಮರಾಠಿ ಬಾರದ ನನಗೆ ಮೊದಲ ಆರು ತಿಂಗಳು ಕಾಕುವೇ ತವರು.

ನಮ್ಮ ಮನೆಗೆ ಹತ್ತು ನಿಮಿಷದ ದಾರಿಯಲ್ಲಿ ದೇವಿಯ ಗುಡಿ. ನವರಾತ್ರಿಯ ಒಂಬತ್ತೂ ದಿನ ಅಲ್ಲಿ ಜಾತ್ರೆ, ಅಲ್ಲಿನವರ ಬಾಯಲ್ಲಿ ಜತ್ರಾ. ಅದರ ಕಥೆಯನ್ನೆಲ್ಲ ನನಗೆ ಹೇಳಿದವರು ಕಾಕಾ. ಗುಡಿ ಊರ ಹೊರಗಿದ್ದ ಕಾಲದಲ್ಲಿ ನಿಫಾಡ್ ಕಡೆಯ ರೈತರು ಗಾಡಿ ಕಟ್ಟಿಕೊಂಡು ಬಂದು, ಬಯಲಲ್ಲೇ ಒಲೆ ಹೂಡಿ ಒಂಬತ್ತು ದಿನ ಇರುತ್ತಿದ್ದರಂತೆ. ತಪ್ಪಿಸಿಕೊಂಡ ಮಕ್ಕಳನ್ನು ಆಗ ಒಬ್ಬ ಗಟ್ಟಿ ದನಿಯವನು ಹೆಗಲ ಮೇಲೆ ಕೂರಿಸಿಕೊಂಡು, ಹಲಗೆ ಬಾರಿಸುತ್ತ ಬಯಲೆಲ್ಲ ಸುತ್ತುತ್ತಿದ್ದನಂತೆ. ಆಮೇಲೆ ಮೈಕು ಬಂತು, ಕೂತು ಕೂಗಲು ಗುಡಿಯ ಎಡಕ್ಕೆ ಒಂದು ಕಟ್ಟೆಯೂ ಬಂತು. ಆ ಕಟ್ಟೆಗೂ ಅದರದೇ ಪದ್ಧತಿಗಳಿದ್ದವು. ಘಟಸ್ಥಾಪನೆಯ ಮೊದಲ ದಿನ ಮೈಕಿಗೆ ಕುಂಕುಮ ಹಚ್ಚಿ ಕಾಯಿ ಒಡೆಯಬೇಕು. ಸಿಕ್ಕ ಮಗುವಿನ ಕೈಗೆ ಮೊದಲು ಎಳ್ಳಿನ ರೇವಡಿ ಮಿಠಾಯಿ ಕೊಡಬೇಕು, ಹೆಸರು ಕೇಳುವುದು ಆಮೇಲೆ. ಹುಡುಕಿಕೊಂಡು ಬಂದವರು ಮಗು ತೊಟ್ಟ ಬಟ್ಟೆಯ ಬಣ್ಣ ಹೇಳಿದ ಮೇಲೆಯೇ ಒಪ್ಪಿಸಬೇಕು.

ಹದಿನೇಳು ವರ್ಷ ಆ ಕಟ್ಟೆಯ ಮೇಲೆ ಕೂತು ಕೂಗಿದವರು ನಮ್ಮ ಕಾಕಾ. ಮರಾಠಿ, ಹಿಂದಿ ಎರಡರಲ್ಲೂ ಅವರ ದನಿ ಒಂದೇ ಸಮ, ಬೆಚ್ಚಗೆ. ಆ ದನಿ ಕೇಳಿದರೆ ಅಳುವ ಮಕ್ಕಳೂ ಸುಮ್ಮನಾಗುತ್ತಿದ್ದವು.

ನಾನು ಬಂದ ನಾಲ್ಕನೆಯ ವರ್ಷ ಕಾಕುಗೆ ಮರೆವು ಶುರುವಾಯಿತು. ಮೊದಲು ಉಪ್ಪು ಹಾಕಿದ್ದು ಮರೆಯಿತು, ಆಮೇಲೆ ಮನೆಯ ಬಾಗಿಲು... ಆ ವರ್ಷ ಕಾಕಾ ಮೈಕು ಬೇಡವೆಂದಿದ್ದರು. ನಾನೇ ಹಟ ಹಿಡಿದೆ.

"ನೀವು ಹೋಗ್ರಿ ಕಾಕಾ. ಕಾಕೂನ್ನ ನಾ ನೋಡ್ಕೋತೀನಿ. ಅವರಿಗೂ ಜತ್ರಾ ತೋರಿಸ್ತೀನಿ."

"ಕೈ ಮಾತ್ರ ಬಿಡಬ್ಯಾಡ ತಂಗಿ," ಎಂದರು.

ಅಷ್ಟಮಿಯ ಮಧ್ಯಾಹ್ನ. ಕಾಕುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಳೆಗಾರ್ತಿಯ ಮುಂದೆ ಕೂತಿದ್ದೆ. ಬಳೆ ಇಡಿಸಿಕೊಳ್ಳಲು ಎರಡೂ ಕೈ ಚಾಚಿದೆ. ನಾಲ್ಕು ಬಳೆ ಏರುವಷ್ಟು ಹೊತ್ತು, ಅಷ್ಟೇ. ತಿರುಗಿ ನೋಡಿದರೆ ಕಾಕು ಇರಲಿಲ್ಲ.

ತಿರುಗುವ ತೊಟ್ಟಿಲುಗಳ ಕಡೆ ಓಡಿದೆ, ಪಾತ್ರೆ ಅಂಗಡಿಗಳ ಸಾಲಿಗೆ ಓಡಿದೆ. ಕೊನೆಗೆ ಕಟ್ಟೆಯ ಕೆಳಗೆ ಬಂದು ನಿಂತೆ. ನನ್ನ ಪಕ್ಕ ಯಾರೂ ಇಲ್ಲದ್ದನ್ನು ಕಾಕಾ ನೋಡಿದರು.

"ಯಾವ ಸೀರಿ ಉಟ್ಟಾಳ?" ಎಂದಷ್ಟೇ ಕೇಳಿದರು.

ನೇರಳೆ ಎಂದೆ. ಹೇಳಿ, ತಿರುಗಿ ಬಯಲು ನೋಡಿದೆ. ನವರಾತ್ರಿಯ ಒಂದೊಂದು ದಿನಕ್ಕೆ ಒಂದೊಂದು ಬಣ್ಣ ಉಡುವುದು ಅಲ್ಲಿನ ಹೆಂಗಸರ ರೂಢಿ. ಅಂದಿನ ಬಣ್ಣ ನೇರಳೆ. ಕಣ್ಣು ಹಾಯಿಸಿದಷ್ಟು ದೂರ ಬಯಲೆಲ್ಲ ನೇರಳೆ ಸೀರೆಗಳೇ...

ಕಾಕಾ ಮೊದಲು ಮರಾಠಿಯಲ್ಲಿ ಕೂಗಿದರು, ಹಿಂದಿಯಲ್ಲಿ ಕೂಗಿದರು. ಅರ್ಧ ಗಂಟೆಯಾದರೂ ಸುಳಿವಿಲ್ಲ. ಆಮೇಲೆ ಕನ್ನಡದಲ್ಲಿ ಕೂಗತೊಡಗಿದರು. ಹೆಂಡತಿಯ ಹೆಸರು ಹೇಳಿದರು, ತವರೂರು ಹೇಳಿದರು. "ನಾ ಇಲ್ಲೇ ಗುಡಿ ಎಡಕ್ಕ ಕಟ್ಟಿ ಮ್ಯಾಲ ಅದೀನಿ. ಅಂಜಬ್ಯಾಡ. ನನ್ನ ದನಿ ಹಿಡಕೊಂಡು ಬಾ," ಎಂದರು. ಅಷ್ಟು ವರ್ಷ ಒಂದೇ ಸಮವಿದ್ದ ದನಿ ಅಂದು ಒಡೆದುಹೋಗಿತ್ತು.

ಆಗ ಜನರ ನಡುವಿನಿಂದ ಕಾಕು ಬಂದರು. ಯಾರೂ ಕೈ ಹಿಡಿದು ತಂದದ್ದಲ್ಲ, ತಾವೇ ಆ ದನಿಯ ಹಿಂದೆ ನಡೆದು ಬಂದಿದ್ದರು. ಒಂದು ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಮೆಟ್ಟಿಲು ಹತ್ತಿ ಗಂಡನ ಮುಂದೆ ನಿಂತರು. ಕಾಕಾ ಮೈಕು ಹಿಡಿದೇ ಎದ್ದು ನಿಂತರು.

"ಅಣ್ಣಾರ," ಎಂದರು ಕಾಕು, ಸೆರಗು ಹೊದ್ದುಕೊಂಡು. "ಯಾರೋ ಪಾಪ, ಹೇಣ್ತಿ ಕಳಕೊಂಡು ಒಂದ ಸಮ ಕೂಗಾಕ ಹತ್ಯಾರ. ಕೇಳಾಕ ಆಗವಲ್ದು. ಹುಡುಕಿ ಕೊಡ್ರಿ ಅವರಿಗೆ."

ಮೈಕು ಆರಿಸಿರಲಿಲ್ಲ. ಆ ಮಾತು ಇಡೀ ಜತ್ರಾಕ್ಕೆ ಕೇಳಿಸಿತು. ಅರ್ಥವಾದದ್ದು ನಮ್ಮಿಬ್ಬರಿಗೆ ಮಾತ್ರ.

ಕಾಕಾ ತಮ್ಮ ಕುರ್ಚಿಯನ್ನು ಅವರ ಕಡೆ ಸರಿಸಿದರು. "ಸಿಕ್ಕಳ್ರೀ," ಎಂದರು. "ಈಗ ಸಿಕ್ಕಳು. ನೀವು ಕೂಡ್ರಿ, ನೀರು ಕುಡೀರಿ."

"ಛಲೋ ಆತು ನೋಡ್ರಿ," ಎಂದು ಕಾಕು ಕೂತರು.

ಕಾಕಾ ಮತ್ತೆ ಆ ಕಟ್ಟೆ ಹತ್ತಲಿಲ್ಲ. ಕಾಕುಗೆ ಎಲ್ಲ ಮರೆತರೂ ಆ ಮಧ್ಯಾಹ್ನದ ಕೂಗು ಮಾತ್ರ ಹೇಗೋ ಉಳಿದುಬಿಟ್ಟಿತ್ತು. ಸಂಜೆಯ ಚಹಾ ಹೊತ್ತಿಗೆ, "ಅವರ ಹೇಣ್ತಿ ಸಿಕ್ಕಳೇನ್ರಿ?" ಎಂದು ಕೇಳುತ್ತಿದ್ದರು. "ಸಿಕ್ಕಾಳ್ರೀ, ಆರಾಮ ಅದಾಳ," ಎನ್ನುತ್ತಿದ್ದರು ಕಾಕಾ. ಎರಡು ವರ್ಷ, ಒಂದು ದಿನವೂ ಬೇಸರಿಸದೆ ಹಾಗೆಯೇ ಹೇಳಿದರು. ಎದುರು ಬಾಗಿಲಲ್ಲಿ ಅಕ್ಕಿ ಆರಿಸುತ್ತ ನಾನು ತಲೆ ಎತ್ತುತ್ತಿರಲಿಲ್ಲ.

ಕಾಕುವಿನ ಕೈ ಹೇಗೆ ಬಿಟ್ಟೆ ಎಂದು ಕಾಕಾ ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಕೇಳಲಿ ಎಂದು ಕಾದೆ. ಕೇಳಿದ್ದರೆ ಕಾಲಿಗೆ ಬಿದ್ದುಬಿಡುತ್ತಿದ್ದೆ. ನಾನಾಗಿ ಹೇಳುವ ಧೈರ್ಯ ಬರಲಿಲ್ಲ...

ಕಾಕು ಮಳೆಗಾಲದಲ್ಲಿ ತೀರಿಕೊಂಡರು. ಮರುವರ್ಷ ನನ್ನ ಗಂಡ ಚಿಕಲಠಾಣಾದ ಕಂಪನಿ ಸೇರಿದರು, ನಾವು ಊರು ಬಿಟ್ಟೆವು. ಕಾಕಾ ಮನ್ಮಾಡಿನ ತಮ್ಮನ ಮಗನ ಮನೆಗೆ ಹೋದರು. ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ. ಮಳೆ, ಬೆಳೆ, ಮಂಡಿನೋವು ಎಲ್ಲ ಮಾತಾಡುತ್ತಿದ್ದೆವು, ಅದೊಂದನ್ನು ಬಿಟ್ಟು. ಒಂದು ದೀಪಾವಳಿಗೆ ಫೋನ್ ಎತ್ತಿದ್ದು ತಮ್ಮನ ಮಗ. ಕಾಕಾ ಹೋಗಿ ತಿಂಗಳಾಗಿತ್ತು.

ಈ ವರ್ಷ ಅಷ್ಟಮಿಗೆ ಒಬ್ಬಳೇ ನಾಸಿಕಕ್ಕೆ ಹೋದೆ. ಕಟ್ಟೆ ಇದ್ದಲ್ಲಿ ಈಗ ತಗಡಿನ ಶೆಡ್ಡು, ಒಳಗೆ ಕ್ಯಾಮೆರಾದ ಪರದೆಗಳು. ಹೆಸರು ಬರೆದುಕೊಳ್ಳಲು ಕಾಲೇಜು ಹುಡುಗಿಯೊಬ್ಬಳು ಕೂತಿದ್ದಳು. ಬಾಗಿಲಲ್ಲೇ ನಿಂತ ನನ್ನನ್ನು ಕಂಡು, ಯಾರು ಕಳೆದಿದ್ದಾರೆ ಎಂದು ಮರಾಠಿಯಲ್ಲಿ ಮೃದುವಾಗಿ ಕೇಳಿದಳು.

"ಯಾರೂ ಇಲ್ಲವ್ವ," ಎಂದೆ. ಬಾಯಿಗೆ ಬಂದದ್ದು ಕನ್ನಡ. ಅವಳಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಪೆನ್ನು ಹಿಡಿದು ಕಾದು, ನನ್ನ ಹಿಂದೆ ನಿಂತವರ ಕಡೆ ತಿರುಗಿದಳು.