ಗರುಡನಲ್ಲದ ಹಕ್ಕಿಗೆ ಕೈಮುಗಿದದ್ದು

ಶನಿವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನನ್ನ ಬಾಮೈದ ಕುಮಾರ, ಓಡುತ್ತಿದ್ದ ಟ್ರ್ಯಾಕ್ಟರಿನ ಸ್ಟೀರಿಂಗ್ ಬಿಟ್ಟು, ಎರಡೂ ಕೈ ಜೋಡಿಸಿ ಆಕಾಶಕ್ಕೆ ನಮಸ್ಕಾರ ಮಾಡಿದ. ಆಗಷ್ಟೇ ಮೊಬೈಲ್ ನೋಡಿದ್ದರಿಂದ ಸಮಯ ಖಚಿತವಾಗಿ ಗೊತ್ತು. ಆಮೇಲಿನ ಅರ್ಧ ನಿಮಿಷ ಎಷ್ಟು ಉದ್ದವಿತ್ತೆಂದು ಯಾವ ಮೊಬೈಲೂ ಹೇಳಲಾರದು.

ಚೇಳೂರಿನ ಹತ್ತಿರ ಹೆಂಡತಿಯ ತವರಿನವರ ರಾಗಿ ಹೊಲ. ನಾನು ಮಡ್‌ಗಾರ್ಡಿನ ಮೇಲೆ ಅಳಿಯನ ಗತ್ತಿನಲ್ಲಿ ಕೂತಿದ್ದೆ. ಹೊಲದ ಮೇಲೆ ಒಂದು ಬಿಳಿ ಹಕ್ಕಿ ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತಿತ್ತು.

"ಭಾವ, ಗರುಡ! ಶನಿವಾರ ಬೇರೆ, ಕೈ ಮುಗೀರಿ!" ಎಂದ ಕುಮಾರ.

ಗರುಡ ಕಂಡರೆ ಕಣ್ಣು ಮುಚ್ಚಿ ಕೈಮುಗಿದು ಕೆನ್ನೆ ಮುಟ್ಟಿಕೊಳ್ಳುವುದು ನಮ್ಮ ಕಡೆಯ ವಾಡಿಕೆ. ನಾನೂ ಮುಗಿದೆ. ಕಣ್ಣು ಬಿಟ್ಟಾಗ ಟ್ರ್ಯಾಕ್ಟರ್ ದಾರಿ ಬಿಟ್ಟು, ಕಟ್ಟೆಯೇ ಇಲ್ಲದ ಬಾವಿಯ ಕಡೆ ಹೊರಟಿತ್ತು. ಅಂಚಿನಲ್ಲಿದ್ದ ತೆಂಗಿನ ಮರಕ್ಕೆ ಗುದ್ದಿ ನಿಂತಿತು. ಮರದಿಂದ ಉದುರಿದ ಕಾಯಿ ಬಾವಿಗೆ ಬಿತ್ತು. ಸದ್ದು ಬರಲು ತಡವಾಯಿತು. ಬಾವಿಯ ಆಳ ನನಗೆ ಗೊತ್ತಾದದ್ದು ಹಾಗೆ.

ಆ ಸದ್ದು ನನ್ನ ಜೊತೆ ತುಮಕೂರಿನ ಮನೆಗೂ ಬಂತು. ರಾತ್ರಿ ಕಣ್ಣು ಮುಚ್ಚಿದರೆ ಸಾಕು, ಕಾಯಿ ಬೀಳುತ್ತಿತ್ತು, ನಿದ್ದೆ ಹಾರಿಹೋಗುತ್ತಿತ್ತು. ಬಾವಿಗೆ ಕಟ್ಟೆ ಕಟ್ಟಿಸೋಣ ಎಂದರೆ ಕುಮಾರ ಫೋನಿನಲ್ಲಿ ನಕ್ಕ. "ಗರುಡಪ್ಪನೇ ಕಾಯ್ತಾವ್ನೆ ಬುಡಿ ಭಾವ, ಕಟ್ಟೆ ಯಾಕೆ?" ಅತ್ತೆಯವರದೂ ಅದೇ ಮಾತು. ಆದರೆ ಆ ದಾರಿಯಲ್ಲಿ ಅವನು ದಿನಾ ಟ್ರ್ಯಾಕ್ಟರ್ ಓಡಿಸಬೇಕು, ಹಕ್ಕಿಯೂ ದಿನಾ ಅಲ್ಲೇ ನಿಲ್ಲುತ್ತದೆ! ಅದು ನಿಜಕ್ಕೂ ಗರುಡನೇ ಎಂದು ಪರೀಕ್ಷಿಸಲು, ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ನಾನು ಪಕ್ಷಿಶಾಸ್ತ್ರಕ್ಕೆ ಇಳಿದೆ.

ಹೆಸರು ತಿಳಿಯದ ಜ್ವರವನ್ನೆಲ್ಲ ವೈರಲ್ ಅನ್ನುವಂತೆ, ಹೆಸರು ತಿಳಿಯದ ಹಕ್ಕಿಗೆ ನಾವು ತಿಳಿದ ದೇವರ ಹೆಸರಿಡುತ್ತೇವೆ. ನನಗಂತೂ ಕಾಗೆ, ಗಿಳಿ, ಕೋಳಿಯಿಂದಾಚೆ ಗೊತ್ತಿರಲಿಲ್ಲ. ಕೋಳಿಯ ಪರಿಚಯವೂ ತಟ್ಟೆಯಲ್ಲೇ ಹೆಚ್ಚು. ಕಾಲೇಜಿನ ಲೈಬ್ರರಿಯಿಂದ ಹಕ್ಕಿ ಪುಸ್ತಕ ತಂದೆ. ಪುಸ್ತಕದ ಹಕ್ಕಿಗಳು ಸ್ಟುಡಿಯೋದಲ್ಲಿ ಫೋಟೋಗೆ ಕೂತ ಮದುಮಕ್ಕಳಂತೆ ಅಲ್ಲಾಡದಿರುತ್ತವೆ. ಹೊಲದ ಹಕ್ಕಿಗೆ ಆ ಶಿಸ್ತೆಲ್ಲಿ?

ಮುಂದಿನ ವಾರ ಬಾವಿಯಿಂದ ಬಲು ದೂರದ ಬದುವಿನ ಮೇಲೆ ಕೂತು ಕಾದೆ. ಹಕ್ಕಿ ಬಂದು ಗಾಳಿಯಲ್ಲಿ ನಿಂತಿತು. ಗರುಡನಿಗೆ ತಲೆ, ಎದೆ ಬಿಳಿ. ಉಳಿದ ಮೈಯೆಲ್ಲ ಇಟ್ಟಿಗೆ ಬಣ್ಣ. ಇದಕ್ಕೆ ಬೂದು ಬೆನ್ನು, ಬಿಳಿ ಹೊಟ್ಟೆ, ಹೆಗಲ ಮೇಲೆ ಕಪ್ಪು, ಕೆಂಪು ಕಣ್ಣು. ಕಪ್ಪು ರೆಕ್ಕೆಯ ಹದ್ದು! ನೋಡನೋಡುತ್ತಿದ್ದಂತೆ ಕಾಲು ಇಳಿಬಿಟ್ಟು ಕೆಳಗಿಳಿದು ಇಲಿಯೊಂದನ್ನು ಎತ್ತಿಕೊಂಡು ಹೋಯಿತು.

ಅತ್ತೆಗೆ ಹೆದರುತ್ತಲೇ ಹೇಳಿದೆ. "ಅದು ಗರುಡ ಅಲ್ಲ ಅತ್ತೆ, ಇಲಿ ಹಿಡಿಯೋ ಹದ್ದು. ಅವತ್ತು ನಮ್ಮ ಕಡೆ ನೋಡಿರೋದೂ ಡೌಟು."

ಅವರು ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಹಂಗಾದ್ರೆ ಅವತ್ತು ನಿಮ್ಮನ್ನ ಕಾಯೋರು ಯಾರೂ ಇರ್ಲಿಲ್ವಾ ಅಳಿಯಂದ್ರೇ?"

"ತೆಂಗಿನ ಮರ ಇತ್ತು."

"ಲೇ ಕುಮಾರ! ಇಲಿ ಹಿಡಿಯೋದಕ್ಕೆ ಕೈ ಮುಗ್ದು ನನ್ನ ಮಗಳ ಗಂಡನ್ನ ಬಾವಿಗ್ ಹಾಕ್ತಿದ್ಯೇನ್ಲಾ? ಹೋಗು, ಮೇಸ್ತ್ರಿನ ಕರ್ಕೊಂಡ್ ಬಾ!"

"ಪುಸ್ತಕ ಓದಿ ನನ್ ಮರ್ಯಾದೆ ತೆಗುದ್ರಲ್ಲ ಭಾವ," ಎಂದು ಗೊಣಗುತ್ತ ಕುಮಾರ ಹೊರಟ.

ಕಟ್ಟೆ ಎದೆಮಟ್ಟಕ್ಕೆ ಎದ್ದಿತು. ಕುಮಾರ ಈಗಲೂ ಆ ಹದ್ದಿಗೆ ಕೈ ಮುಗಿಯುತ್ತಾನೆ. ರಾಗಿ ತಿನ್ನುವ ಇಲಿಯನ್ನು ತಿನ್ನುವವನೂ ದೇವರೇ ಅಂತೆ. ಆದರೆ ಮೊದಲು ಗಾಡಿ ನಿಲ್ಲಿಸುತ್ತಾನೆ. ಗರುಡನಾದರೂ ಇದಕ್ಕಿಂತ ಹೆಚ್ಚಿನ ಭಕ್ತಿ ಕೇಳಿಯಾನೆ? ಹೊಸ ಕಟ್ಟೆಗೆ ಎರಡೂ ಕೈಯೂರಿ ಬಾವಿಯೊಳಗೆ ಬಗ್ಗಿ ನೋಡಿ ಬಂದ ಭಾನುವಾರ ರಾತ್ರಿ, ತುಮಕೂರಿನಲ್ಲಿ ಮಲಗಿದವನು ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದಾಗಲೇ ಎದ್ದೆ.