ಗುನ್ವೋರಳ ಹಗುರ ಗುಂಡು

ಸ್ವೀಡನ್ನಿನ ಆ ಕಾಡಂಚಿನ ಹಳ್ಳಿಯಲ್ಲಿ ಮೂಸ್ ಕಡವೆಯ ಬೇಟೆ ಶುರುವಾಗುವ ವಾರ ಯಾರ ಕಾಲೂ ನೆಲದ ಮೇಲೆ ನಿಲ್ಲುವುದಿಲ್ಲ. ಅರವತ್ತು ದಾಟಿದ ಗುನ್ವೋರಳಿಗೆ ಮಾತ್ರ ಈ ಸಲ ಎದೆಯಲ್ಲಿ ಪುಕುಪುಕು. ಜೌಗಿನಂಚಿನಲ್ಲಿ ಬೇಟೆಗೆ ಕಾದು ಕೂರುವ ಅವಳ ಜಾಗ ಅಮ್ಮನಿಂದ ಬಂದದ್ದು. ಹೋದ ವರ್ಷ ಅಲ್ಲೇ ಕೂತು ಒಂದು ಕಡವೆಗೆ ಬರೀ ಗಾಯ ಮಾಡಿದ್ದಳು. ಕತ್ತಲಾಗುವವರೆಗೂ ನಾಯಿ ಬಿಟ್ಟು ಹುಡುಕಬೇಕಾಯಿತು. ತಂಡದಲ್ಲಿ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಬೈದಿದ್ದರೇ ವಾಸಿಯಿತ್ತು. ಇನ್ನೊಮ್ಮೆ ಹಾಗಾದರೆ ಜಾಗ ಬಿಟ್ಟುಕೊಡುವುದೆಂದು ಅವಳೇ ನಿರ್ಧರಿಸಿದ್ದಳು.

ಗುರಿ ತಪ್ಪಿದ್ದಕ್ಕೆ ಕಾರಣ ಅವಳಿಗೆ ಗೊತ್ತಿತ್ತು. ಅಣ್ಣ ಎವಾಲ್ಡ್ ಮನೆಯಲ್ಲೇ ತೋಟಾ ತುಂಬಿಸಿ ಕೊಡುತ್ತಿದ್ದದ್ದು ಹದಿನೆಂಟೂವರೆ ಗ್ರಾಮಿನ ಗುಂಡು, ಅಪ್ಪನ ಕಾಲದಿಂದ ಅದೇ. ಆ ಭಾರದ ಗುಂಡು ಹಾರುವಾಗ ಭುಜಕ್ಕೆ ಬೀಳುವ ಒದೆತಕ್ಕೆ ಹೆದರಿ, ಬಂದೂಕಿನ ಕುದುರೆ ಎಳೆಯುವ ಮೊದಲೇ ಅವಳ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ತೆರೆಯುವಷ್ಟರಲ್ಲಿ ಪ್ರಾಣಿ ಒಂದೋ ಬಿದ್ದಿರುತ್ತಿತ್ತು, ಇಲ್ಲವೇ ಓಡಿರುತ್ತಿತ್ತು.

"ಅಣ್ಣಾ, ಈ ಸಲ ನಂಗೆ ಹದಿನೈದು ಗ್ರಾಮಿಂದು ತುಂಬ್ಸಿಕೊಡು."

ಎವಾಲ್ಡ್ ಕಾಫಿ ಲೋಟ ಕೆಳಗಿಟ್ಟ. "ಯಾಕೇ, ಗುಬ್ಬಿ ಹೊಡೆಯೋಕೆ ಹೊರಟಿದ್ದೀಯಾ?"

"ಗುಬ್ಬೀನೋ ಗೂಬೇನೋ, ನೀನು ತುಂಬ್ಸು."

"ಅಪ್ಪ ಇದ್ದಿದ್ರೆ ಬಂದೂಕೇ ಕಿತ್ಕೊಂಡಿರೋರು ಕಣೇ."

"ಅಪ್ಪಂಗೆ ಅಪ್ಪನ ಭುಜ ಇತ್ತು. ನಂಗಿರೋದು ನಂದು."

ಗೊಣಗುತ್ತಲೇ ತುಂಬಿಸಿದ. ಆ ಮುದುಕನ ಬಾಯಿ ಮಾತ್ರ ಒರಟು. ಗುಂಡಿನ ತೂಕ ಬದಲಾದರೆ ಅದು ತಗಲುವ ಜಾಗವೂ ಬದಲಾಗುತ್ತದೆ. ಗುನ್ವೋರ್ ಹಲಗೆಗೆ ಹೊಡೆದು ಹೊಡೆದು ಬಂದೂಕಿನ ದುರ್ಬೀನನ್ನು ಹೊಸದಾಗಿ ಹೊಂದಿಸಿಕೊಂಡಳು.

ಬೇಟೆಯ ಬೆಳಗ್ಗೆ ಜೌಗಿನ ಮೇಲೆ ಮಂಜು ಹಾಲಿನ ಕೆನೆಯಂತೆ ಕೂತಿತ್ತು. ಎಚ್ಚರವಾಗಿದ್ದಳೋ ನಿದ್ದೆಯಲ್ಲಿದ್ದಳೋ, ಅವಳಿಗೇ ಸರಿಯಾಗಿ ತಿಳಿಯದು. ಪಕ್ಕದಲ್ಲಿ ಅಮ್ಮ ಕೂತು ಉಣ್ಣೆ ಹೆಣೆಯುತ್ತಿದ್ದಾಳೆ ಅನ್ನಿಸಿತು. ಆ ಕನಸಿನೊಳಗೇ ಎಲ್ಲೋ ನಾಯಿ ಬೊಗಳಿತು. ಮಂಜು ಒಂದು ಕಡೆ ದಪ್ಪವಾಯಿತು, ಅದಕ್ಕೆ ಕಾಲು ಬಂತು, ಕೋಡು ಬಂತು. ಗಂಡು ಕಡವೆ ಅಡ್ಡಲಾಗಿ ನಿಂತಿತು.

ಉಸಿರು ಬಿಟ್ಟು ಕುದುರೆ ಎಳೆದಳು. ಭುಜಕ್ಕೆ ಯಾರೋ ತಟ್ಟಿದಂತಾಯಿತು, ಅಷ್ಟೇ. ಕಣ್ಣು ತೆರೆದೇ ಇತ್ತು. ದುರ್ಬೀನಿನೊಳಗೆ ಕಡವೆ ಮುಂಗಾಲು ಮಡಚಿತು, ತಲೆಯೆತ್ತಲು ನೋಡಿತು, ಆಗಲಿಲ್ಲ. ಮೂಗಿನಿಂದ ಹಬೆ ಬಂತು. ಮತ್ತೊಮ್ಮೆ ಬಂತು. ಆಮೇಲೆ ಬರಲಿಲ್ಲ.

ಏದುಸಿರು ಬಿಡುತ್ತ ಬಂದ ಎವಾಲ್ಡ್ ಬೇಟೆಗಾರರ ಪದ್ಧತಿಯಂತೆ ಸ್ಪ್ರೂಸ್ ಮರದ ಸಣ್ಣ ರೆಂಬೆ ಮುರಿದು, ಕೊನೆಯ ತುತ್ತೆಂದು ಕಡವೆಯ ಬಾಯಿಗಿಟ್ಟ. ಇನ್ನೊಂದನ್ನು ತಂಗಿಯ ಟೊಪ್ಪಿಗೆಗೆ ಸಿಕ್ಕಿಸಿದ.

"ಭೇಷ್ ಕಣೇ! ಒಂದೇ ಗುಂಡು! ಈ ಜಾಗ ನಿಂದೇ, ಇನ್ಯಾರ್ದೂ ಅಲ್ಲ. ಅಯ್ಯೋ, ಯಾಕೇ ಅಳ್ತಿದ್ದೀಯಾ?"

"ಇಷ್ಟು ವರ್ಷ ಹೊಡ್ದಿದ್ದೀನಿ ಅಣ್ಣಾ. ಒಂದೂ ಸಾಯೋದನ್ನ ನಾನು ನೋಡೇ ಇರ್ಲಿಲ್ಲ."