ಮಾತ್ರೆಗೆ ಅರ ಹಾಕಿದ ತಕ್ಕಡಿಯಣ್ಣ

ಆ ಬೀದಿಯಲ್ಲಿ ತಕ್ಕಡಿಗಳನ್ನು ದುರಸ್ತಿ ಮಾಡುವವರು ಅವರೊಬ್ಬರೇ ಆದುದರಿಂದ ತಕ್ಕಡಿಯಣ್ಣ ಎಂಬ ಹೆಸರೇ ಅವರಿಗೆ ನಿಂತಿತು. ಭಾರ ಹೆಚ್ಚಾದ ಹಿತ್ತಾಳೆಯ ತೂಕದ ಬಟ್ಟನ್ನು ಅರದಿಂದ ಎರಡು ಬಾರಿ ನೇವರಿಸಿ, ತಟ್ಟೆಗಿಟ್ಟು, ಮುಳ್ಳು ನಡುವೆ ನಿಲ್ಲುವ ತನಕ ಉಸಿರು ಬಿಗಿಹಿಡಿಯುವುದು ಅವರ ಪದ್ಧತಿ. ಸೃಷ್ಟಿಕರ್ತನು ಮಹಾ ಧಾರಾಳಿ, ಪ್ರತಿಯೊಂದರಲ್ಲಿಯೂ ಕೊಂಚ ಹೆಚ್ಚಿಗೆ ಸೇರಿಸಿಯೇ ಕಳುಹಿಸುತ್ತಾನೆ, ಅದನ್ನು ತೆಗೆಯುವ ಸೇವೆಯನ್ನು ತನಗೆ ವಹಿಸಿದ್ದಾನೆ ಎಂದು ಅವರು ದೃಢವಾಗಿ ನಂಬಿದ್ದರು. ಮೂತ್ರಪಿಂಡಗಳ ವಿಷಯದಲ್ಲಿ ಮಾತ್ರ ಆ ಧಾರಾಳಿಯ ಕೈ ಬಿಗಿಯಾಯಿತು. ಐವತ್ತನೆಯ ವಯಸ್ಸಿಗೆ ಎರಡೂ ಕೆಟ್ಟವು.

ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದ ಅಕ್ಕ ತಮ್ಮದೊಂದನ್ನು ಕೊಟ್ಟರು. ಕೊಟ್ಟರೇ ಹೊರತು ಅದರ ಯಜಮಾನಿಕೆಯನ್ನು ಬಿಡಲಿಲ್ಲ. ದಿನವೂ ಅಂಗಡಿಗೆ ಬಂದು ಮೊದಲು ಕಿಡ್ನಿಯ ಕ್ಷೇಮವನ್ನು ವಿಚಾರಿಸುವರು, ನೆನಪಾದರೆ ತಮ್ಮನದನ್ನೂ.

ಕಸಿಯಾಗಿ ವರ್ಷ ತುಂಬಿದಾಗ ವೈದ್ಯೆ ರಕ್ತ ಪರೀಕ್ಷಿಸಿ ಸಂತೋಷಪಟ್ಟರು. ದೇಹವನ್ನು ಕಾಯುವ ಬಿಳಿ ರಕ್ತಕಣಗಳು ಹೊಸ ಕಿಡ್ನಿಯನ್ನು ಕಳ್ಳನೆಂದು ಬಗೆದು ಮೇಲೆ ಬೀಳುವುದು ಸಹಜ. ಈಗ ಹಾಗೆ ಏರಿಹೋಗುವ ಕಣಗಳು ಅಡಗಿವೆ, ಅವುಗಳನ್ನು ಸಮಾಧಾನಪಡಿಸುವ ಕಣಗಳು ಹೆಚ್ಚಿವೆ ಎಂದರು. ಇದೆಲ್ಲ ಮಾತ್ರೆಯ ಮಹಿಮೆ, ಅದನ್ನು ತಪ್ಪಿಸಬಾರದು ಎಂದೂ ಹೇಳಿದರು. ಅಷ್ಟರಲ್ಲಿ ತಕ್ಕಡಿಯಣ್ಣನ ಕಿವಿ ಬಾಗಿಲು ಹಾಕಿಕೊಂಡಿತ್ತು. ಕಾವಲುಗಾರರು ಅತಿಥಿಯೊಡನೆ ನೆಂಟಸ್ತನ ಬೆಳೆಸಿದ ಮೇಲೆ ಅಷ್ಟು ದಪ್ಪನೆಯ ಮಾತ್ರೆ ಏತಕ್ಕೆ? ಮಾತ್ರೆಯನ್ನು ಬಿಟ್ಟರೆ ಅವಿಧೇಯತೆಯಾದೀತೆಂದು ಅವರು ಬಿಡಲಿಲ್ಲ, ಅರದಿಂದ ನೇವರಿಸಿದರು. ಮೊದಲ ವಾರ ಅಂಚು ಮಾತ್ರ ಹೋಯಿತು. ಎರಡನೆಯ ತಿಂಗಳಿಗೆ ಮಾತ್ರೆಯು ಮಸೂರದ ಬೇಳೆಯಷ್ಟಾಗಿತ್ತು.

ಮುಂದಿನ ಪರೀಕ್ಷೆಯಲ್ಲಿ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಏರಿತ್ತು. ಮಾತ್ರೆ ತಪ್ಪಿತೇ ಎಂದು ವೈದ್ಯೆ ಕೇಳಲು, ಒಂದು ಹೊತ್ತೂ ತಪ್ಪಿಲ್ಲವೆಂದು ತಕ್ಕಡಿಯಣ್ಣ ಶುದ್ಧಾಂತಃಕರಣದಿಂದ ನುಡಿದು ಬಂದರು. ಮರುದಿನ ಅಂಗಡಿಯಲ್ಲಿ ಅಕ್ಕನ ದೃಷ್ಟಿ ಅರದ ಹಲ್ಲುಗಳ ಮೇಲೆ ಬಿತ್ತು. ಹಿತ್ತಾಳೆಯ ಪುಡಿ ಹಳದಿ, ಇದು ಬಿಳಿ. ಬೆರಳಿಗೆ ತಾಗಿಸಿ ನಾಲಗೆಗಿಟ್ಟರು. ಕಹಿ.

"ಏನೋ ಇದು?"

"ಒಂಚೂರು ಸರಿದೂಗಿಸ್ತಿದ್ದೆ, ಅಕ್ಕಾ. ಅವೆಲ್ಲ ಹೊಂದ್ಕೊಂಡಿವೆಯಂತಲ್ಲ."

"ಹೊಂದ್ಕೊಂಡಿರಲಿಲ್ಲ ಕಣೋ, ಮಲಗಿದ್ವು. ನೀನು ಹೋಗಿ ಎಬ್ಬಿಸಿದೀಯ. ಏಳು, ಆಸ್ಪತ್ರೆಗೆ ನಡಿ."

ವೈದ್ಯೆಯೂ ಅದನ್ನೇ ಹೇಳಿದರು: ಕೆಲವು ಕಣಗಳು ಹಳೆಯ ಹಗೆಯನ್ನು ಮರೆಯುವುದೇ ಇಲ್ಲ, ಮದ್ದು ಇಳಿದೊಡನೆ ಏಳುತ್ತವೆ, ಈಗ ಎದ್ದು ಕಿಡ್ನಿಗೆ ಕೈ ಹಾಕಿವೆ, ಉಳಿದೀತೆಂಬ ಭರವಸೆ ಕೊಡಲಾರೆ. ಮೂರು ದಿನ ನರದೊಳಗೆ ಬಿರುಸಾದ ಮದ್ದನ್ನು ಹರಿಸಿದರು. ಅಕ್ಕ ಮಂಚದ ಬಳಿ ಕುಳಿತು ತಮ್ಮನೊಡನೆ ಮಾತು ಬಿಟ್ಟರು. ದೇವರೊಡನೆ ಮಾತ್ರ ಆಡಿದರು. ಅದೂ ತಮ್ಮನ ಮೇಲಿನ ದೂರೇ.

ಐದನೆಯ ದಿನ ಕ್ರಿಯಾಟಿನಿನ್ ಇಳಿಯತೊಡಗಿತು. ಕಿಡ್ನಿ ಉಳಿಯಿತೆಂದು ವೈದ್ಯೆ ಹೇಳಿಹೋದ ಮೇಲೆ ತಕ್ಕಡಿಯಣ್ಣ ಗೋಡೆಯತ್ತ ತಿರುಗಿ ಕಣ್ಣೊರೆಸಿಕೊಂಡರು.

"ನೀನು ಕೊಟ್ಟದ್ದನ್ನೇ ಕಳೀತಿದ್ದೆ, ಅಕ್ಕಾ."

"ಕಳೆದ್ಕೊಂಡು ಇನ್ನೊಂದು ಕೇಳ್ಬೇಡ. ನನ್ ಹತ್ರ ಇರೋದೂ ಒಂದೇ."

ಈಗ ಬೆಳಗ್ಗೆ ಎಂಟಕ್ಕೆ ಅಂಗಡಿಯಲ್ಲಿಯೇ ಮಾತ್ರೆ. ನುಂಗಿ, ಬಾಯಿ ತೆರೆದು, ನಾಲಗೆಯನ್ನೆತ್ತಿ ತೋರಿಸಬೇಕು. ಅಕ್ಕ ಕನ್ನಡಕವನ್ನು ಏರಿಸಿ ಪರಿಶೀಲಿಸುತ್ತಾರೆ. ತಕ್ಕಡಿ ಹಿಡಿದು ಕಾಯುವ ಗಿರಾಕಿಗಳು ಮೊದಮೊದಲು ನಗುತ್ತಿದ್ದರು. ಇತ್ತೀಚೆಗೆ ಅವರೂ ಬಗ್ಗಿ ನೋಡತೊಡಗಿದ್ದಾರೆ.